ತಾತನ ಟ್ರಂಕಿನಲ್ಲಿ ಸಿಕ್ಕಿದ್ದು ಸ್ಪಿಟ್‌ಫೈರ್ ವಿಮಾನವೇ?

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಟ್ರಂಕಿನಲ್ಲಿ ಮೂರು ಚಿತ್ರಗಳು ಸಿಕ್ಕಿವೆ. ಒಂದರಲ್ಲಿ ದುಂಡು ಮೂತಿಯ ವಿಮಾನದ ಮುಂದೆ ಕೆಲಸಗಾರರು ಸಾಲಾಗಿ ನಿಂತಿದ್ದಾರೆ. ಅವರ ತಲೆಗಳ ಮೇಲೆ ಒಬ್ಬರು ಕೂರುವಷ್ಟೇ ಅಗಲದ ಗಾಜಿನ ಗೂಡು ಕಾಣುತ್ತದೆ, ರೆಕ್ಕೆಯ ಮೇಲೆ ಕಪ್ಪು ವೃತ್ತವಿದೆ. ಎರಡನೆಯದು ಹುಲ್ಲಿನ ಮೇಲೆ ನಿಂತ ಚೂಪು ಮೂತಿಯ ವಿಮಾನ. ಪಕ್ಕದಲ್ಲಿ ಹೊರಗೆ ಕಡುಬಣ್ಣ, ಒಳಗೆ ತಿಳಿಬಣ್ಣದ ವೃತ್ತವೂ ಒಂದೇ ಒಂದು ಅಕ್ಷರವೂ ಇವೆ. ಬಾಲದ ಹತ್ತಿರ ಎರಡು ಅಕ್ಷರ, ಮೂರು ಅಂಕಿ. ಕೊನೆಯ ಅಂಕಿ 3 ಅಥವಾ 8. ಮೂರನೆಯದು ಪತ್ರಿಕೆಯಿಂದ ಕತ್ತರಿಸಿದ ಚಿತ್ರ. ವಿಮಾನದ ಮೇಲೆ ಇಂಗ್ಲಿಷಿನ ಡಿ, ವಿ ಅಕ್ಷರಗಳಿವೆ, ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಮೈಸೂರು’ ಎಂದು ಬರೆದಿದೆ. ಮೂರೂ ಸ್ಪಿಟ್‌ಫೈರ್, ಅಪ್ಪ ಕಟ್ಟಿದ್ದು ಎನ್ನುತ್ತಾರೆ ಚಿಕ್ಕಪ್ಪ. ಕಪ್ಪು ವೃತ್ತದ್ದು ಸೆರೆಸಿಕ್ಕ ಜಪಾನಿನ ಝೀರೋ ಎಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರ ವಾದ. ನಮ್ಮ ಭಾವ ಮೊಬೈಲ್ ಆ್ಯಪ್‌ನಲ್ಲಿ ಬಣ್ಣ ತುಂಬಿಸಿದಾಗ ಎರಡನೆಯ ಚಿತ್ರದ ವೃತ್ತದ ನಡುವೆ ಕೆಂಪು ಬಂತು. ತಾತನ ಜನ್ಮಶತಮಾನೋತ್ಸವಕ್ಕೆ ಇವನ್ನು ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಬೇಕೆಂದಿದ್ದೇವೆ. ಕೆಳಗೆ ಏನು ಬರೆಸಬೇಕು? ಕಲೆಗಳನ್ನು ತೆಗೆಸಬಹುದೇ?
– ತುಮಕೂರಿನ ಓದುಗರು

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ನನಗನಿಸಿದ್ದು, ನಿಮ್ಮನ್ನು ಕಾಡುತ್ತಿರುವುದು ವಿಮಾನದ ಹೆಸರಲ್ಲ. ನೆಂಟರಿಷ್ಟರೆಲ್ಲ ಸೇರಿದ ಕಡೆ ಗೋಡೆಯ ಮೇಲೆ ತಪ್ಪು ಬರಹ ತೂಗುಹಾಕಿದರೆ ಹೇಗೆ, ಚಿಕ್ಕಪ್ಪನ ಮಾತನ್ನು ತೆಗೆದುಹಾಕಿದರೆ ಅವರಿಗೆ ಬೇಸರವಾಗದೇ ಎಂಬ ಎರಡು ಅಳುಕುಗಳು. ಮೊದಲನೆಯದಕ್ಕೆ ನಾನು ನೆರವಾಗಬಲ್ಲೆ. ಎರಡನೆಯದಕ್ಕೂ ಸ್ವಲ್ಪ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಹಳೆಯ ಚಿತ್ರ ಕೈಗೆ ಬಂದರೆ ಹೆಚ್ಚಿನವರು ಮೊದಲು ನೋಡುವುದು ಬಣ್ಣದ ಗುರುತುಗಳನ್ನು: ವೃತ್ತ, ಅಕ್ಷರ, ಪಟ್ಟೆ. ನಾನು ಅದನ್ನು ಕೊನೆಗಿಡುತ್ತೇನೆ. ಬಣ್ಣವನ್ನು ಒಂದು ಮಧ್ಯಾಹ್ನದಲ್ಲಿ ಬಳಿಯಬಹುದು, ಅಳಿಸಬಹುದು. ರೆಕ್ಕೆಯ ಆಕಾರ, ಚಕ್ರ ಮಡಚುವ ರೀತಿ, ರೇಡಿಯೇಟರ್ ಇರುವ ಜಾಗ ಹಾಗಲ್ಲ. ಯುದ್ಧ ಮುಗಿದ ಮೇಲೆ ಮಲಯದ (ಇಂದಿನ ಮಲೇಷ್ಯಾದ) ತೆಬ್ರಾವ್‌ನಲ್ಲಿ ಬ್ರಿಟಿಷರು ವಶಪಡಿಸಿಕೊಂಡ ಜಪಾನಿ ವಿಮಾನಗಳಿಗೆ ತಮ್ಮದೇ ವೃತ್ತಗಳನ್ನು ಬಳಿದು ಹಾರಿಸಿ ಪರೀಕ್ಷಿಸಿದರು. ಗುರುತನ್ನೇ ನಂಬುವುದಾದರೆ ಅವೆಲ್ಲ ಬ್ರಿಟಿಷ್ ವಿಮಾನಗಳಾಗಬೇಕು! ಯಾವ ಮಾದರಿ ಎಂಬುದನ್ನು ಲೋಹ ಹೇಳುತ್ತದೆ, ಯಾವ ಕಾಲ ಎಂಬುದನ್ನು ಬಣ್ಣ ಹೇಳುತ್ತದೆ. ನಿಮ್ಮ ಮೂರು ಚಿತ್ರಗಳನ್ನೂ ಇದೇ ಕ್ರಮದಲ್ಲಿ ನೋಡೋಣ.

ಎರಡನೆಯದರಿಂದ ಶುರುಮಾಡುತ್ತೇನೆ, ಏಕೆಂದರೆ ಅದರಲ್ಲಿ ಹೆಚ್ಚು ಮಾಹಿತಿ ಇದೆ. ಚೂಪು ಮೂತಿ, ಮೂರು ಅಲಗಿನ ಪ್ರೊಪೆಲ್ಲರ್, ಒಂದೇ ಆಸನ, ಬ್ರಿಟಿಷ್ ಗುರುತು. ಇಷ್ಟು ಕಂಡರೆ ಸಾಕು, ಎಲ್ಲರ ಬಾಯಲ್ಲೂ ಬರುವ ಹೆಸರು ಸ್ಪಿಟ್‌ಫೈರ್. ಅದರ ಕೀರ್ತಿ ಅಂಥದ್ದು. ಆದರೆ ಭಾರತ-ಬರ್ಮಾ ಗಡಿಯಲ್ಲಿ ಬೆವರು ಸುರಿಸಿ ದುಡಿದ ವಿಮಾನ ಹರಿಕೇನ್. ಹೋರಾಟಕ್ಕೆ ಬಳಸುವ ಸ್ಪಿಟ್‌ಫೈರ್‌ಗಳು ಈ ಕಡೆ ಬಂದದ್ದೇ 1943ರಲ್ಲಿ. ಭಾರತೀಯ ಸ್ಕ್ವಾಡ್ರನ್‌ಗಳಿಗೆ (ವಾಯುಪಡೆಯ ತಂಡಗಳಿಗೆ) ಅವು ಸಿಗತೊಡಗಿದ್ದು 1944ರಲ್ಲಿ. 1944ರಲ್ಲಿ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ 1ನೇ ಸ್ಕ್ವಾಡ್ರನ್ ಇಂಫಾಲದಲ್ಲಿ ಹಾರಿಸಿದ್ದು ಹರಿಕೇನ್‌ಗಳನ್ನೇ.

ಇವೆರಡನ್ನು ಬೇರೆ ಮಾಡಲು ನೀವು ಭೂತಗನ್ನಡಿ ಹಿಡಿದು ಕಾಕ್‌ಪಿಟ್‌ನ ಹಿಂದಿನ ಮೈಯನ್ನು ನೋಡಬೇಕು. ಹರಿಕೇನ್‌ನ ಹಿಂಭಾಗ ಮರದ ಪಟ್ಟಿಗಳ ಮೇಲೆ ಬಟ್ಟೆ ಬಿಗಿದು ಮಾಡಿದ್ದು. ಬಿಸಿಲು ಓರೆಯಾಗಿ ಬಿದ್ದಾಗ ಕಾಕ್‌ಪಿಟ್‌ನಿಂದ ಬಾಲದವರೆಗೆ ಉದ್ದುದ್ದ ಗೆರೆಗಳು ಎದ್ದು ಕಾಣುತ್ತವೆ. ಸ್ಪಿಟ್‌ಫೈರ್‌ನ ಮೈ ಪೂರ್ತಿ ಲೋಹದ ತಗಡು, ಅಲ್ಲಿ ಈ ಗೆರೆಗಳಿರುವುದಿಲ್ಲ. ನೀವು ಕಳಿಸಿದ ಪ್ರತಿಯಲ್ಲಿ ವೃತ್ತದ ಮೇಲ್ಗಡೆ ನಾಲ್ಕೈದು ಗೆರೆಗಳು ಸ್ಪಷ್ಟವಾಗಿವೆ. ಅದಷ್ಟೇ ಸಾಕಾಗಿತ್ತು. ಆದರೂ ಇನ್ನೆರಡು ಸಾಕ್ಷಿ ಕೊಡುತ್ತೇನೆ. ಒಂದು, ಹೊಟ್ಟೆಯ ಕೆಳಗೆ ಚಕ್ರಗಳ ಹಿಂದೆ ತೂಗುವ ರೇಡಿಯೇಟರ್. ಸ್ಪಿಟ್‌ಫೈರ್‌ನಲ್ಲಿ ಅದು ರೆಕ್ಕೆಗಳ ಅಡಿಯಲ್ಲಿರುತ್ತದೆ. ಎರಡು, ಚಕ್ರಗಳ ನಡುವಿನ ಅಂತರ. ಹರಿಕೇನ್‌ನ ಚಕ್ರಗಳು ಒಳಮುಖವಾಗಿ ಮಡಚುವುದರಿಂದ ಕಾಲುಗಳನ್ನು ಅಗಲಿಸಿ ನಿಲ್ಲುತ್ತದೆ. ಸ್ಪಿಟ್‌ಫೈರ್‌ನವು ಹೊರಮುಖವಾಗಿ ಮಡಚುತ್ತವೆ, ಹಾಗಾಗಿ ನಿಲುವು ಇಕ್ಕಟ್ಟು. ರೆಕ್ಕೆಯ ತುದಿಯನ್ನು ನೋಡಿ ತೀರ್ಮಾನಿಸಿ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಸ್ಪಿಟ್‌ಫೈರ್‌ನ ದೀರ್ಘವೃತ್ತದ ರೆಕ್ಕೆ ಪ್ರಸಿದ್ಧವೇನೋ ಹೌದು, ಆದರೆ ತುದಿ ಕತ್ತರಿಸಿದವೂ ಇದ್ದವು, ತುದಿ ಚೂಪಾಗಿ ಉದ್ದಗೊಳಿಸಿದವೂ ಇದ್ದವು. ಪಕ್ಕದಿಂದ ತೆಗೆದ ಚಿತ್ರದಲ್ಲಿ ರೆಕ್ಕೆಯ ಆಕಾರ ಹೇಗೂ ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಹತ್ತಿರದ ರೆಕ್ಕೆಯ ಮುಂದಿನ ಅಂಚಿನಿಂದ ಎರಡು ಉದ್ದನೆಯ ಕೊಳವೆಗಳು ಚಾಚಿವೆ. ಅವು 20 ಮಿಲಿಮೀಟರ್ ಫಿರಂಗಿಗಳು. ಎರಡೂ ರೆಕ್ಕೆ ಸೇರಿ ನಾಲ್ಕು ಇದ್ದರೆ ಅದು ಹರಿಕೇನ್ 2ಸಿ. ಹನ್ನೆರಡು ಮೆಷಿನ್‌ಗನ್‌ಗಳ 2ಬಿ ಮಾದರಿಯಲ್ಲಿ ಹೀಗೆ ಎದ್ದು ಕಾಣುವ ಕೊಳವೆಗಳಿಲ್ಲ.

ಈಗ ಬಣ್ಣಕ್ಕೆ ಬರೋಣ. ಬ್ರಿಟಿಷ್ ವೃತ್ತದ ನಡುವೆ ಸಾಮಾನ್ಯವಾಗಿ ಕೆಂಪು ಚುಕ್ಕೆ ಇರುತ್ತಿತ್ತು. ಜಪಾನಿನ ಗುರುತು ಬರೀ ಕೆಂಪು ಸೂರ್ಯ. ಆಕಾಶದಲ್ಲಿ ಎರಡು ಸೆಕೆಂಡಿನಲ್ಲಿ ಗುಂಡು ಹಾರಿಸಬೇಕೋ ಬೇಡವೋ ಎಂದು ನಿರ್ಧರಿಸುವವನಿಗೆ ಆ ಕೆಂಪು ಕಂಡರೆ ಅಷ್ಟೇ ಸಾಕು. ಆದ್ದರಿಂದ 1942ರ ನಡುವಿನಿಂದ ಈ ಭಾಗದಲ್ಲಿ ಕೆಂಪನ್ನು ಅಳಿಸತೊಡಗಿದರು. 1943ರ ಹೊತ್ತಿಗೆ ಹೊರಗೆ ಕಡುನೀಲಿ, ಒಳಗೆ ತಿಳಿನೀಲಿ ಇರುವ ಚಿಕ್ಕ ವೃತ್ತ ಬಳಕೆಗೆ ಬಂತು. ಅಮೆರಿಕನ್ನರೂ ಇದೇ ಕಾರಣಕ್ಕೆ 1942ರ ಮೇ ತಿಂಗಳಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು ತೆಗೆದರು. ನಿಮ್ಮ ಚಿತ್ರದ ವೃತ್ತ ಹೊರಗೆ ಕಡು, ಒಳಗೆ ತಿಳಿ, ಗಾತ್ರದಲ್ಲಿ ಚಿಕ್ಕದು. ಭಾವನವರ ಆ್ಯಪ್ ತುಂಬಿದ ಕೆಂಪು ಅಲ್ಲಿರಲು ಸಾಧ್ಯವಿಲ್ಲ. ಆ್ಯಪ್‌ಗೆ ಬರ್ಮಾ ಗೊತ್ತಿಲ್ಲ. ಅದು ಇಂಗ್ಲೆಂಡಿನ ಸಾವಿರಾರು ಚಿತ್ರಗಳಲ್ಲಿ ಕಂಡದ್ದನ್ನು ಇಲ್ಲಿಗೂ ಅಂಟಿಸಿದೆ. ರೆಕ್ಕೆ, ಬಾಲಗಳಿಗೆ ಅಡ್ಡಲಾಗಿ ಬಳಿಯುತ್ತಿದ್ದ ಅಗಲದ ಬಿಳಿ ಪಟ್ಟೆಗಳೂ ಇಲ್ಲಿಲ್ಲ. ಆ ಪಟ್ಟೆಗಳು ಯುದ್ಧದ ಕೊನೆಯ ವರ್ಷದ ರೂಢಿ. ಹಾಗಾಗಿ 1943–44 ಎಂದರೆ ಹೆಚ್ಚು ದೂರ ಹೋಗಲಾರೆವು.

ಕಪ್ಪು-ಬಿಳುಪು ಚಿತ್ರದಲ್ಲಿ ಕಪ್ಪಾಗಿ ಕಂಡದ್ದು ಕಡುಬಣ್ಣ, ಬೆಳ್ಳಗೆ ಕಂಡದ್ದು ತಿಳಿಬಣ್ಣ ಎಂಬ ನಂಬಿಕೆಯನ್ನು ಇಲ್ಲೇ ಬಿಟ್ಟುಬಿಡಬೇಕು. ನಿಮ್ಮ ಮೊದಲನೆಯ ಚಿತ್ರದ ಜಗಳಕ್ಕೆಲ್ಲ ಮೂಲ ಅದು. ಆ ಕಾಲದಲ್ಲಿ ಸಾಮಾನ್ಯ ಕ್ಯಾಮೆರಾಗಳಿಗೆ ಹಾಕುತ್ತಿದ್ದ ಫಿಲ್ಮ್‌ಗಳಲ್ಲಿ ಎಷ್ಟೋ ಆರ್ಥೋಕ್ರೊಮ್ಯಾಟಿಕ್ ಬಗೆಯವು. ಕೊಡಾಕ್‌ನ ವೆರಿಕ್ರೋಮ್ ರೋಲ್ 1956ರವರೆಗೂ ಹಾಗೆಯೇ ಇತ್ತು. ಈ ಫಿಲ್ಮ್‌ಗೆ ಕೆಂಪು ಕಾಣುವುದೇ ಇಲ್ಲ. ಕೆಂಪು ಬಳಿದ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತದೆ, ಹಳದಿ ಮಂಕಾಗುತ್ತದೆ, ನೀಲಿ ಅಸಲಿಗಿಂತ ತೆಳುವಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ನಲ್ಲಿ ಅದೇ ವೃತ್ತ ತೆಗೆದರೆ ಕೆಂಪು ನಡುಬಣ್ಣವಾಗಿ, ನೀಲಿ ಕಪ್ಪಗೆ ಬರುತ್ತದೆ. ಒಂದೇ ವಿಮಾನ, ಒಂದೇ ಬಿಸಿಲು, ಎರಡು ಕ್ಯಾಮೆರಾ. ಎರಡು ಬೇರೆ ದೇಶದ ವಿಮಾನಗಳಂತೆ ಕಾಣಬಹುದು.

ಕೆಲಸಗಾರರ ಚಿತ್ರವನ್ನು ಈಗ ನೋಡಿ. ರೆಕ್ಕೆಯ ಮೇಲಿನ ಆ ಕಪ್ಪು ಬಿಲ್ಲೆಯ ಸುತ್ತ ತೆಳುವಾದ ಬೂದು ಬಳೆಯೊಂದಿದೆ, ನೆರಳಿನಲ್ಲಿ ಕರಗಿಹೋಗಿದ್ದರೂ ಕೆಳಗಿನ ಅಂಚಿನಲ್ಲಿ ಗೊತ್ತಾಗುತ್ತದೆ. ರೆಕ್ಕೆಯ ಮೇಲ್ಭಾಗಕ್ಕೆ ಬ್ರಿಟಿಷರು ಬಳಿಯುತ್ತಿದ್ದ ವೃತ್ತದಲ್ಲಿ ಬಿಳಿ ಇರಲಿಲ್ಲ, ನಡುವೆ ಕೆಂಪು ಮತ್ತು ಸುತ್ತ ನೀಲಿ ಮಾತ್ರ. ಆರ್ಥೋ ಫಿಲ್ಮ್‌ನಲ್ಲಿ ಅದು ಬರಬೇಕಾದದ್ದೇ ಹೀಗೆ. ವಾಟ್ಸ್ಆ್ಯಪ್ ಗುಂಪಿನವರ ಕಣ್ಣು ಮೋಸಹೋಗಿಲ್ಲ, ಅವರು ಕಪ್ಪು ಬಿಲ್ಲೆಯನ್ನು ಸರಿಯಾಗಿಯೇ ಕಂಡಿದ್ದಾರೆ. ಫಿಲ್ಮ್ ಅವರಿಗೆ ಸುಳ್ಳು ಹೇಳಿದೆ, ಅಷ್ಟೇ.

ಇಲ್ಲೂ ಲೋಹವೇ ಪಂಚಾಯಿತಿ ತೀರಿಸುತ್ತದೆ. ಝೀರೋದ ಚಕ್ರಗಳು ಒಳಮುಖವಾಗಿ ಮಡಚುತ್ತವೆ, ಕಾಲಿನ ಬುಡ ನಯವಾಗಿರುತ್ತದೆ. ನಿಮ್ಮ ಚಿತ್ರದಲ್ಲಿ ಎಡಗಡೆ ಕುಳಿತ ಹುಡುಗನ ಭುಜದ ಹಿಂದೆ, ಕಾಲು ರೆಕ್ಕೆಗೆ ಸೇರುವ ಕಡೆ, ದಪ್ಪನೆಯ ತಗಡಿನ ಹೊದಿಕೆಯೊಂದು ಉಬ್ಬಿಕೊಂಡಿದೆ. ಚಕ್ರವನ್ನು ಹಿಂದಕ್ಕೆ ಎಳೆದುಕೊಂಡು, ಎಳೆಯುವಾಗಲೇ 90 ಡಿಗ್ರಿ ತಿರುಗಿಸಿ ರೆಕ್ಕೆಯೊಳಗೆ ಮಲಗಿಸುವ ವ್ಯವಸ್ಥೆ ಅದು. ಕರ್ಟಿಸ್ ಕಂಪನಿಯ ಹಾಕ್ ವಿಮಾನಗಳ ಹೆಗ್ಗುರುತು. ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಚರಿತ್ರೆಗೂ ಇದು ಚೆನ್ನಾಗಿ ಹೊಂದುತ್ತದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಆರಂಭಿಸಿದ ಈ ಕಾರ್ಖಾನೆ 1941ರ ಆಗಸ್ಟ್‌ನಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಹಾರಿಸಿತು. 1942ರ ಜುಲೈನಲ್ಲಿ ಹಾಕ್, ಅದರ ಬೆನ್ನಿಗೇ ವಲ್ಟೀ ವೆಂಜೆನ್ಸ್ ಎಂಬ ಬಾಂಬರ್. ಹಾಕ್‌ಗಳು ಮೂಲತಃ ಚೀನಾಕ್ಕೆಂದು ಗೊತ್ತುಮಾಡಿದ್ದವು, ಬೆಂಗಳೂರಿನಲ್ಲಿ ಜೋಡಣೆಯಾದವು ಮೊಹಾಕ್ ಎಂಬ ಹೆಸರಿನಲ್ಲಿ ಬ್ರಿಟಿಷ್ ವಾಯುಪಡೆ ಸೇರಿದವು.

ವೆಂಜೆನ್ಸ್‌ನ ಚಕ್ರಗಳೂ ಹಿಂದಕ್ಕೇ ಮಡಚುತ್ತವೆ, ಅದಕ್ಕೂ ದುಂಡು ಮೂತಿ, ಅದಕ್ಕೂ ಉಬ್ಬು ಹೊದಿಕೆ. ಹಾಗಾಗಿ ಬರೀ ಕಾಲು ನೋಡಿ ಹಾಕ್ ಎಂದರೆ ಅವಸರವಾಗುತ್ತದೆ. ಆದರೆ ಅದು ಇಬ್ಬರು ಕೂರುವ ದೊಡ್ಡ ವಿಮಾನ, ಗಾಜಿನ ಮಾಡು ಉದ್ದಕ್ಕೆ ಹರಡಿರುತ್ತದೆ. ನೀವು ಬರೆದ ‘ಒಬ್ಬರು ಕೂರುವಷ್ಟೇ’ ಎಂಬ ಮಾತು ಇಲ್ಲಿ ಕೆಲಸಕ್ಕೆ ಬಂತು. ಹಾಕ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬೆಂಗಳೂರಿನಲ್ಲಿ ಜೋಡಿಸಿದ್ದೇ ಎಂಬುದು ಬಲವಾದ ಊಹೆ. ಅದೇ ಬೆಂಗಳೂರಿನ ಮೊದಲ ಹಾಕ್ ಎಂದು ಚಿಕ್ಕಪ್ಪ ಹೇಳಬಯಸಿದರೆ, ಚಿತ್ರದಲ್ಲಿ ಅದಕ್ಕೆ ಒಂದು ಕಾಳಷ್ಟೂ ಆಧಾರವಿಲ್ಲ. ನೋಂದಣಿ ಸಂಖ್ಯೆಯ ಜಾಗದಲ್ಲಿ ಫೋರ್‌ಮನ್ ತಲೆ ಇದೆ.

(ಮಾತಿನ ನಡುವೆ ಹೇಳಿಬಿಡುತ್ತೇನೆ: ‘ತಾತನ ಫೈಟರ್’ ಎಂದು ನನ್ನ ಬಳಿ ಬರುವ ಚಿತ್ರಗಳಲ್ಲಿ ಬಹಳಷ್ಟು ಹಾರ್ವರ್ಡ್ ತರಬೇತಿ ವಿಮಾನದವು. ಹಾಗೆಂದಾಗ ಎದುರಿಗಿರುವವರ ಮುಖ ಬಾಡುವುದನ್ನು ನೋಡಿ ನೋಡಿ ಸಾಕಾಗಿದೆ. ನಿಮಗೆ ಆ ಗತಿ ಬಂದಿಲ್ಲ.)

ಮೂರನೆಯದು ನಿಜಕ್ಕೂ ಸ್ಪಿಟ್‌ಫೈರ್. ಚಿಕ್ಕಪ್ಪನವರಿಗೆ ಇದನ್ನು ಮೊದಲು ತಿಳಿಸಿ. ಡಿವಿ ಎಂಬುದು ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್ನಿನ ಅಕ್ಷರಗಳು, ಅದರ ಪೂರ್ಣ ಹೆಸರು 129 (ಮೈಸೂರು) ಸ್ಕ್ವಾಡ್ರನ್. ಮೈಸೂರು ಕೊಟ್ಟ ಯುದ್ಧ ದೇಣಿಗೆಯ ಗೌರವಾರ್ಥ ಆ ಹೆಸರು ಬಂದದ್ದು. ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡವೇ ಇತ್ತು! ಪೆನ್ಸಿಲಿನಲ್ಲಿ ‘ಮೈಸೂರು’ ಎಂದು ಬರೆದವರಿಗೆ ವಿಷಯ ಗೊತ್ತಿತ್ತು ಎಂದಾಯಿತು. ಆದರೆ ಆ ವಿಮಾನಗಳು ಮೈಸೂರಿನ ಆಕಾಶ ಕಂಡವಲ್ಲ. 1941ರ ಜೂನ್‌ನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್‌ನಲ್ಲಿ ಕಟ್ಟಿದ ಈ ತಂಡ ಬ್ರಿಟನ್ನಿನ ನೆಲೆಗಳಿಂದ ಹಾರಿತು, 1944ರಲ್ಲಿ ಮಸ್ಟ್ಯಾಂಗ್ ವಿಮಾನಗಳಿಗೆ ಬದಲಾಯಿತು. ಯುದ್ಧಕಾಲದ ಬೆಂಗಳೂರಿನ ಕಾರ್ಖಾನೆ ಸ್ಪಿಟ್‌ಫೈರ್ ಕಟ್ಟಲಿಲ್ಲ. ನಿಮ್ಮ ತಾತ ಅಭಿಮಾನಕ್ಕೆ ಕತ್ತರಿಸಿಟ್ಟುಕೊಂಡ ಪತ್ರಿಕೆಯ ಚಿತ್ರ ಅದು. ಹಾಗೆ ನೋಡಿದರೆ ಟ್ರಂಕಿನಲ್ಲಿರುವುದೆಲ್ಲ ತಾತ ಮುಟ್ಟಿದ ವಿಮಾನ ಆಗಬೇಕಿಲ್ಲ. ಆಗ ಪ್ರಿಂಟುಗಳನ್ನು ಗೆಳೆಯರು ಹಂಚಿಕೊಳ್ಳುತ್ತಿದ್ದರು, ಅಧಿಕೃತ ಚಿತ್ರಗಳ ಪ್ರತಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಹರಿಕೇನ್ ಚಿತ್ರ ಬಂದದ್ದೂ ಹಾಗೆಯೇ ಇರಬಹುದು.

ಇನ್ನು ಆ 3 ಅಥವಾ 8ರ ವಿಚಾರ. ವಿಮಾನದ ಪಕ್ಕದ ದೊಡ್ಡ ಅಕ್ಷರಗಳು ಬಸ್ಸಿನ ಮುಂದಿನ ಮಾರ್ಗದ ಬೋರ್ಡಿನಂತೆ, ಬಾಲದ ಹತ್ತಿರದ ಚಿಕ್ಕ ಸಂಖ್ಯೆ ನಂಬರ್ ಪ್ಲೇಟಿನಂತೆ. ಸ್ಕ್ವಾಡ್ರನ್ ಬದಲಾದರೆ ಬೋರ್ಡು ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ. ಅದರಲ್ಲೂ ಬರ್ಮಾ ಭಾಗದಲ್ಲಿ ಸ್ಕ್ವಾಡ್ರನ್ನಿನ ಅಕ್ಷರಗಳನ್ನೇ ಬಿಟ್ಟು ವಿಮಾನದ ಒಂಟಿ ಅಕ್ಷರ ಮಾತ್ರ ಬರೆಯುವುದು ಸಾಮಾನ್ಯವಾಗಿತ್ತು, ಆದ್ದರಿಂದ ನಿಮ್ಮ ಚಿತ್ರದಿಂದ ಯಾವ ತಂಡದ್ದೆಂದು ನೇರವಾಗಿ ಹೇಳಲಾಗದು. ಸಂಖ್ಯೆ ಪೂರ್ತಿ ಸಿಕ್ಕರೆ ಎರಡು ಬಾಗಿಲುಗಳಿವೆ: ಲಂಡನ್ನಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನಲ್ಲಿರುವ ವಿಮಾನಗಳ ಚಲನವಲನದ ಕಾರ್ಡುಗಳು, ಮತ್ತು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಸ್ಕ್ವಾಡ್ರನ್ ದಿನಚರಿಗಳು. ಮೊದಲನೆಯದರಲ್ಲಿ ಹೆಚ್ಚಿನ ಆಸೆ ಬೇಡ. ಸಮುದ್ರ ದಾಟಿ ಬಂದ ವಿಮಾನಗಳ ಕಾರ್ಡಿನಲ್ಲಿ ಹಡಗು ಇಳಿದದ್ದು ಇರುತ್ತದೆ, ಆಮೇಲಿನದು ಹಲವು ಸಲ ಖಾಲಿ. ದಿನಚರಿಗಳಲ್ಲಿ ಯಾವ ದಿನ ಯಾವ ಸಂಖ್ಯೆಯ ವಿಮಾನವನ್ನು ಯಾರು ಹಾರಿಸಿದರು ಎಂಬುದಿರುತ್ತದೆ, ಆದರೆ ತಂಡ ಯಾವುದೆಂದು ಗೊತ್ತಿಲ್ಲದೆ ಹುಡುಕಹೊರಟರೆ ತಿಂಗಳುಗಳು ಸವೆಯುತ್ತವೆ. ಖರ್ಚೂ ಇದೆ. ನಾನಾದರೆ 3 ಇಟ್ಟುಕೊಂಡು ಒಮ್ಮೆ, 8 ಇಟ್ಟುಕೊಂಡು ಒಮ್ಮೆ ಮುದ್ರಿತ ಸಂಖ್ಯಾಪಟ್ಟಿಗಳಲ್ಲಿ ನೋಡುತ್ತೇನೆ. ಎರಡರಲ್ಲಿ ಒಂದು ಹರಿಕೇನ್ ಆಗಿರದಿದ್ದರೆ ಗೊಂದಲ ಅಲ್ಲಿಗೇ ತೀರಿತು. ಶತ್ರುವಿಗೆ ಲೆಕ್ಕ ಸಿಗಬಾರದೆಂದು ಈ ಸಂಖ್ಯೆಗಳ ನಡುವೆ ಬೇಕೆಂದೇ ಅಂತರ ಬಿಡುತ್ತಿದ್ದರು, ಹಾಗಾಗಿ ಒಂದು ಸಂಖ್ಯೆ ಯಾವ ವಿಮಾನಕ್ಕೂ ಸೇರದೇ ಹೋಗುವ ಸಾಧ್ಯತೆಯೂ ಉಂಟು.

ಈ ಅಂಕಿಯನ್ನು ‘ಸ್ಪಷ್ಟಗೊಳಿಸಲು’ ಮಾತ್ರ ಯಾವ ಆ್ಯಪ್‌ಗೂ ಕೊಡಬೇಡಿ. ಬಣ್ಣ ತುಂಬುವುದಕ್ಕಿಂತ ಇದು ಅಪಾಯ. ಮಸುಕಾದ ಅಂಕಿಯನ್ನು ಅದು ಓದುವುದಿಲ್ಲ, ತನಗೆ ಸರಿಕಂಡ ಅಂಕಿಯನ್ನು ಬರೆಯುತ್ತದೆ. ನೋಡಿದರೆ ಕೆತ್ತಿದಂತೆ ಇರುತ್ತದೆ. ಆ ಚಿತ್ರ ನಾಲ್ಕು ಜನರ ಮೊಬೈಲಿಗೆ ಹೋದರೆ ಮುಗಿಯಿತು, ನಾಳೆ ನಿಮ್ಮ ಮೂಲ ಪ್ರಿಂಟನ್ನೇ ಜನ ಅನುಮಾನಿಸುತ್ತಾರೆ. ಅದರ ಬದಲು ಮೂಲವನ್ನು ಒಳ್ಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 1200 ಡಿಪಿಐನಲ್ಲಿ, ಬಣ್ಣದ ಸೆಟ್ಟಿಂಗ್‌ನಲ್ಲೇ, ಟಿಫ್ ಕಡತವಾಗಿ ಸ್ಕ್ಯಾನ್ ಮಾಡಿಸಿ. ಹಿಂಬದಿಯನ್ನೂ ಮಾಡಿಸಿ. ಟ್ರಂಕಿನಲ್ಲಿ ನೆಗೆಟಿವ್ ಇದ್ದರೆ ಪ್ರಿಂಟಿಗಿಂತ ಅದು ಮುಖ್ಯ, ಆದರೆ ಸ್ಕ್ಯಾನ್ ಮಾಡುವವರು ಅದನ್ನು ತಿರುವುಮುರುವಾಗಿ ಇಡದಂತೆ ನೋಡಿಕೊಳ್ಳಿ. ಬರಹವಿಲ್ಲದ ಕೆಲಸಗಾರರ ಚಿತ್ರದಲ್ಲಿ ಹಾಗಾದರೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಅಂಗಿಯ ಗುಂಡಿಪಟ್ಟಿ ಯಾವ ಕಡೆಯಿದೆ ನೋಡಬೇಕು. ಪೈಲಟ್ ಇರುವ ಚಿತ್ರವಾದರೆ ಎದೆಯ ಮೇಲಿನ ರೆಕ್ಕೆ ಬ್ಯಾಡ್ಜ್ ಅವನ ಎಡಗಡೆಗೆ ಬರಬೇಕು.

ಕಲೆಗಳ ಬಗ್ಗೆ ಕೇಳಿದ್ದೀರಿ. ಮೂಲ ಪ್ರಿಂಟಿಗೆ ನೀರು, ಸ್ಪಿರಿಟ್, ಒದ್ದೆ ಬಟ್ಟೆ ಯಾವುದೂ ಬೇಡ. ಜೆಲಟಿನ್ ಪದರ ಉಬ್ಬಿ ಬಿಡಿಸಿಕೊಳ್ಳುತ್ತದೆ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಕಾಗದಕ್ಕೆ ಅಂಟಿದ್ದರೆ ಕೀಳಬೇಡಿ. ಗೋಡೆಗೆ ಹಾಕುವ ಪ್ರತಿಯನ್ನು ಸ್ಟುಡಿಯೋದವರು ಎಷ್ಟು ಬೇಕಾದರೂ ತಿದ್ದಲಿ, ಆದರೆ ವೃತ್ತ, ಅಕ್ಷರ, ಅಂಕಿಗಳ ಹತ್ತಿರ ಕೈಹಾಕದಿರಲು ಮೊದಲೇ ಹೇಳಿ. ಅವರ ಕಣ್ಣಿಗೆ ಆ ಮಸುಕಾದ ಬೂದು ಬಳೆ ಕೊಳೆಯಂತೆ ಕಾಣುತ್ತದೆ, ಒರೆಸಿಬಿಡುತ್ತಾರೆ. ಆಮೇಲೆ ಝೀರೋ ಎಂದವರದೇ ಗೆಲುವು.

ಬರಹ ಹೀಗಿರಲಿ. ಮೊದಲನೆಯದಕ್ಕೆ: ‘ಕರ್ಟಿಸ್ ಹಾಕ್ ಯುದ್ಧವಿಮಾನದ ಮುಂದೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕೆಲಸಗಾರರು, ಬೆಂಗಳೂರು, ಬಹುಶಃ 1942’. ಎರಡನೆಯದಕ್ಕೆ: ‘ಹರಿಕೇನ್ 2ಸಿ, ಸ್ಥಳ ತಿಳಿಯದು, ಸುಮಾರು 1943–44. ತಾತನ ಸಂಗ್ರಹದಿಂದ’. ಮೂರನೆಯದಕ್ಕೆ: ‘129 (ಮೈಸೂರು) ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್, ಬ್ರಿಟನ್. ತಾತ ಕತ್ತರಿಸಿಟ್ಟ ಪತ್ರಿಕೆಯ ಚಿತ್ರ’. ‘ಬಹುಶಃ’ ಎಂಬುದನ್ನು ತೆಗೆಯಲು ಸ್ಟುಡಿಯೋದವರು ಒತ್ತಾಯಿಸಿದರೂ ಬಿಡಬೇಡಿ. ಚಿಕ್ಕಪ್ಪನ ಮಾತನ್ನು ಕಳೆಯುವ ಅಗತ್ಯವೂ ಇಲ್ಲ. ಅವರು ಕೇಳಿದ್ದನ್ನು ಅವರ ಹೆಸರು, ತಾರೀಖಿನೊಂದಿಗೆ ಬೇರೆ ಹಾಳೆಯಲ್ಲಿ ಬರೆದು ಚೌಕಟ್ಟಿನ ಹಿಂದೆ ಲಕೋಟೆಯಲ್ಲಿಡಿ. ಮೊದಲ ಚಿತ್ರದಲ್ಲಿ ನಿಂತವರ ಹೆಸರುಗಳಲ್ಲಿ ಒಂದೆರಡಾದರೂ ಅವರಿಗೆ ನೆನಪಿರಬಹುದು, ಅದನ್ನು ಯಾವ ದಾಖಲೆಯೂ ಕೊಡಲಾರದು. ಈ ವಾರವೇ ಕುಳಿತು ಕೇಳಿ ಬರೆದುಕೊಳ್ಳಿ. ಆ ಚಿತ್ರದ ಒಂದು ಸ್ಕ್ಯಾನ್ ಪ್ರತಿಯನ್ನು ಹೆಸರುಗಳ ಸಮೇತ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಕೊಡಲು ಮನಸ್ಸಿದ್ದರೆ ಕೊಡಿ, ಮೂಲ ನಿಮ್ಮಲ್ಲೇ ಇರಲಿ.